ಕೈಗೆ ಬಿಡುವು

ಟೇಪಮ್ಮನ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ಕಂಡವರೇ ಇಲ್ಲ. ಊಟಕ್ಕೆ ಕೂತಾಗಲೂ ಅದು ಅಲ್ಲೇ ಇರುತ್ತದೆ, ಬಾಗಿಲು ಹಾಕಿಕೊಂಡು ತರಕಾರಿಗೆ ಹೊರಟಾಗಲೂ ಅಲ್ಲೇ ಇರುತ್ತದೆ. ಆಸ್ಪತ್ರೆಗೆ ಸೇರಿಸಿದ ದಿನ ನರ್ಸ್ ಅದನ್ನು ತೆಗೆದು ಚೀಲಕ್ಕೆ ಹಾಕಿದಾಗ, ಮಾತು ತೊದಲುತ್ತಿದ್ದರೂ ಆಕೆ ಎಡಗೈಯಿಂದ ಕೊರಳು ತಡಕಾಡಿ ರಂಪ ಮಾಡಿದಳು. ಮಂಚದ ಸರಳಿಗೆ ಟೇಪನ್ನು ಕಟ್ಟಿದ ಮೇಲೆಯೇ ಸುಮ್ಮನಾದಳು. ಹುಟ್ಟಿದಾಗ ಇಟ್ಟ ಹೆಸರೊಂದು ಇದೆ, ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದೂ ಅದನ್ನೇ. ಆದರೆ ಆ ಹೆಸರು ಹಿಡಿದು ಕೂಗಿದರೆ ಆಕೆ ತಿರುಗಿಯೂ ನೋಡುವುದಿಲ್ಲ.

ಮನೆಯ ಕೆಳಗಿನ ಅಂತಸ್ತೇ ಅವರ ಹೊಲಿಗೆ ಮನೆ. ಕಿಟಕಿಯ ಪಕ್ಕ ಮೂರು ಮಷೀನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜು ಒಂದು ಕಾಲದಲ್ಲಿ ಯಾವುದೋ ಮನೆಯ ಬಾಗಿಲಾಗಿತ್ತು. ಅದರ ಬೀಗದ ತೂತು ಈಗಲೂ ಹಾಗೇ ಇದ್ದು, ದಿನಕ್ಕೊಂದು ಗುಂಡಿಯನ್ನೋ ಸೀಮೆಸುಣ್ಣದ ಚೂರನ್ನೋ ನುಂಗುತ್ತದೆ. ಹೊಲಿಯುವುದು ಶಾಲೆಯ ಮಕ್ಕಳ ಯೂನಿಫಾರ್ಮು. ಮಷೀನಿನ ಮೇಲೆ ಯಾರು ಬೇಕಾದರೂ ಕೂರಬಹುದು, ಕತ್ತರಿ ಹಿಡಿಯುವವರು ಮಾತ್ರ ಒಬ್ಬರೇ. ತಪ್ಪು ಹೊಲಿದರೆ ಬಿಚ್ಚಬಹುದು, ತಪ್ಪು ಕತ್ತರಿಸಿದರೆ ದೇವರೇ ಬಂದರೂ ಕೂಡಿಸಲಾರ.

ಈ ಮಾತು ಟೇಪಮ್ಮನದಲ್ಲ, ಅವಳ ಅತ್ತೆಯದು. ಅತ್ತೆಗೀಗ ಎಂಬತ್ತೊಂದು ವರ್ಷ. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಸಾಣೆ ಹಿಡಿದಂತಿದೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ಸೊಸೆಗೆ ಕತ್ತರಿಯ ಹಿಡಿ ಯಾವುದು ಬಾಯಿ ಯಾವುದು ಎಂದು ಕಲಿಸಿದವಳು ಅವಳೇ. ಟೇಪಮ್ಮನ ಗಂಡ ತೀರಿಹೋಗಿ ಹದಿನಾಲ್ಕು ವರ್ಷವಾದರೂ ಅತ್ತೆ ಸೊಸೆ ಒಂದೇ ಸೂರಿನಡಿ ಒಂದೇ ಮೇಜಿನ ಎರಡು ಬದಿಗೆ ನಿಂತು ಬದುಕಿದವರು. ಸೊಸೆ ಹದಿನಾರು ಪದರ ಬಟ್ಟೆಯನ್ನು ಒಂದೇ ಸಲ, ಒಂದು ನೂಲು ಆಚೀಚೆಯಾಗದಂತೆ ಕತ್ತರಿಸುವಷ್ಟು ಪಳಗಿದ ಮೇಲೂ ಅತ್ತೆ ಅಂಚಿನ ಮೇಲೆ ಬೆರಳಾಡಿಸಿ "ಪರವಾಗಿಲ್ಲ" ಎನ್ನುತ್ತಿದ್ದಳು. ಮೂವತ್ತೊಂಬತ್ತು ವರ್ಷಗಳಲ್ಲಿ ಆ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬಂದದ್ದಿಲ್ಲ. ಬಾರದಿದ್ದರೇನಂತೆ, ಕಣ್ಣು ಮಂಜಾದ ವರ್ಷ ಅವಳು ತನ್ನ ಹನ್ನೆರಡು ಅಂಗುಲದ ಕತ್ತರಿಯನ್ನೇ ಸೊಸೆಯ ಕೈಗಿತ್ತಳು. "ಕತ್ತರಿ ಒಂದೇ ಕೈ ಹಿಡೀಬೇಕು. ಕಂಡಕಂಡವರ ಕೈಗೆ ಹೋದ್ರೆ ಬಾಯಿ ಕೆಡುತ್ತೆ," ಎಂದಿದ್ದಳು. ಅಂದಿನಿಂದ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಆ ಕೈಯೇ ಒಂದು ದಿನ ಕೈಕೊಟ್ಟಿತು. ಬೆಳಿಗ್ಗೆ ಹನ್ನೊಂದರ ಹೊತ್ತು, ಮೇಜಿನ ಮೇಲೆ ಅಂಗಿಯ ಬೆನ್ನು ಹರಡಿತ್ತು. ಕತ್ತರಿ ಅರ್ಧ ದಾರಿಗೆ ಬಂದು ನಿಂತು, ಜಾರಿ ನೆಲಕ್ಕೆ ಬಿತ್ತು. ಟೇಪಮ್ಮನ ಕೈಯಿಂದ ಕತ್ತರಿ ಬೀಳುವುದೆಂದರೇನು! ಕಾಜ ಹಾಕುತ್ತಿದ್ದ ಹೆಂಗಸು ಹೆದರಿ ಎದ್ದು ನಿಂತಳು. ಟೇಪಮ್ಮ ಬಗ್ಗಿ ಎತ್ತಿಕೊಳ್ಳಲು ಹೋದಳು, ಕೈ ಕತ್ತರಿಯ ಮೇಲೆ ಕೂತಿತೇ ಹೊರತು ಹಿಡಿಯಲಿಲ್ಲ. ಸ್ಟ್ರೋಕ್ ಆಗಿದೆ, ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತುಹೋಗಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಮೂರು ವಾರದಲ್ಲಿ ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೊತ್ತಿಕೊಂಡು ಕೂತುಬಿಟ್ಟಿತು.

ಕೈಗಾಗಿ ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕೈಯನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಮಾಡುವ ಥೆರಪಿಸ್ಟ್ ಒಬ್ಬಳು ಇದ್ದಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷದ ಹುಡುಗಿ. ಅವಳು ಟೇಪಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಆ ಗೆರೆಯ ಮೇಲೆ ಕಾಗದ ಕತ್ತರಿಸಿ, ಅದನ್ನು ಬಿಳಿಯ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಮತ್ತೆ ಕತ್ತರಿಸಿದಳು. ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿದಳು. ಅದು ಹಸಿ ಹಪ್ಪಳದಂತೆ ಮೆತ್ತಗಾದಾಗ ಎತ್ತಿ, ಒರೆಸಿ, ಕೈಗೆ ಒತ್ತಿ ಹಿಡಿದಳು. ಎರಡು ನಿಮಿಷದಲ್ಲಿ ಅದು ಗಟ್ಟಿಯಾಗಿ, ಮುಂಗೈಯಿಂದ ಬೆರಳ ತುದಿಯವರೆಗೆ ಕೈಯನ್ನು ಹೊತ್ತುಕೊಂಡಿತು. ಟೇಪಮ್ಮ ನೋವು ಮರೆತು ನೋಡುತ್ತಿದ್ದಳು. ಕಸುಬಿನವರಿಗೆ ಇನ್ನೊಬ್ಬರ ಕಸುಬು ಕಂಡರೆ ಬಾಯಿ ಸುಮ್ಮನಿರುತ್ತದೆಯೇ?

"ಕತ್ತರಿ ಬಾಯಿ ಪೂರ್ತಿ ಮುಚ್ಚಬೇಡ ಮಗಳೇ. ಪ್ರತಿ ಸಲ ಮುಚ್ಚಿದ್ರೆ ಅಂಚಲ್ಲಿ ಹಲ್ಲು ಬೀಳುತ್ತೆ. ಮುಕ್ಕಾಲು ಮುಚ್ಚಿ ಮುಂದೆ ತಳ್ಳು," ಎಂದಳು.

ಹುಡುಗಿ ನಕ್ಕು, ಅದನ್ನು ಬಿಗಿಯುವ ಪಟ್ಟಿಯನ್ನು ಹಾಗೇ ಕತ್ತರಿಸಿದಳು. ಅಂಚು ನುಣ್ಣಗೆ ಬಂತು. ಆಮೇಲೆ ಪಟ್ಟಿಗಳನ್ನು ಬಿಗಿಯುತ್ತ, "ರಾತ್ರಿಯೆಲ್ಲ ಇದು ಹಾಕ್ಕೊಂಡೇ ಇರಿ. ಹಗಲಲ್ಲಿ ನಾಲ್ಕು ಸಲ, ಒಂದೊಂದು ಗಂಟೆ ಕೈಗೆ ಬಿಡುವು ಕೊಡಿ. ಐದು ವಾರ ಬಿಟ್ಟು ಬನ್ನಿ," ಎಂದು ಹೇಳಿ, ವ್ಯಾಯಾಮದ ನಾಲ್ಕು ಚಿತ್ರಗಳಿದ್ದ ಹಾಳೆಯೊಂದನ್ನು ಕೊಟ್ಟಳು.

ಮನೆಗೆ ಬಂದಾಗ ಅತ್ತೆ ಆ ಬಿಳಿಯ ವಸ್ತುವನ್ನು ಮುಟ್ಟಿ ಮುಟ್ಟಿ ನೋಡಿದಳು. "ಇಷ್ಟು ವರ್ಷ ದುಡಿದಿದ್ದಕ್ಕೆ ಕೊನೆಗೂ ನನ್ನ ಸೊಸೆ ಕೈಗೆ ಚಿಪ್ಪು ಕೊಟ್ಟು ಕಳಿಸಿದ್ರಲ್ಲ!" ಎಂದಳು. ಅಂದಿನಿಂದ ಅದರ ಹೆಸರು ಚಿಪ್ಪು.

ಎಡವಟ್ಟಾದದ್ದು ಇಲ್ಲೇ. ಬಿಡುವು ಎಂದರೆ ಏನು? ನಿಮಗೂ ನನಗೂ ಬಿಡುವು ಎಂದರೆ ಕೆಲಸವಿಲ್ಲದೆ ಕೂರುವುದು. ಟೇಪಮ್ಮನೂ ಹಾಗೆಯೇ ತಿಳಿದಳು. ದಿನಕ್ಕೆ ನಾಲ್ಕು ಸಲ ಚಿಪ್ಪು ಹಾಕಿದ ಕೈಯನ್ನು ದಿಂಬಿನ ಮೇಲೆ ಮಲಗಿಸಿ, ಗಡಿಯಾರ ನೋಡಿಕೊಂಡು ಒಂದು ಗಂಟೆ ಅಲುಗಾಡದೆ ಕೂತಳು. ಉಳಿದ ಹೊತ್ತಿನಲ್ಲೂ ಚಿಪ್ಪನ್ನು ಬಿಚ್ಚಲಿಲ್ಲ. ಅದಕ್ಕೆ ಅವಳ ಕಸುಬೇ ಕಾರಣ ಒದಗಿಸಿತ್ತು. ಬಟ್ಟೆಯ ತುಂಡುಗಳನ್ನು ಮೊದಲು ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ಹಿಡಿದಿಡುತ್ತಾರೆ. ಪಕ್ಕಾ ಹೊಲಿಗೆ ಮುಗಿಯುವ ಮುಂಚೆ ಕಚ್ಚಾ ನೂಲು ಎಳೆದರೆ ಎಲ್ಲ ಕದಲಿಹೋಗುತ್ತದೆ. "ಇದು ಕೈಗೆ ಹಾಕಿರೋ ಕಚ್ಚಾ. ಒಳಗೆ ಕೂಡಿಕೊಳ್ಳೋವರೆಗೂ ತೆಗೀಬಾರದು," ಎಂದು ಅತ್ತೆಗೆ ವಿವರಿಸಿದಳು. ಅತ್ತೆ ಹೌದೌದು ಎಂದಳು. ಹಾಳೆಯಲ್ಲಿದ್ದ ಚಿತ್ರಗಳಲ್ಲಿ ಕೈಗೆ ಚಿಪ್ಪಿರಲಿಲ್ಲವಲ್ಲ? ಅದಕ್ಕೂ ಅರ್ಥ ಸಿಕ್ಕಿತು. ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಪ್ಯಾಟರ್ನಿನ ಲಕೋಟೆಯ ಮೇಲೆ ಸಿದ್ಧವಾದ ಉಡುಪಿನ ಚಿತ್ರ ಇರುವ ಹಾಗೆ, ಇದು ವಾಸಿಯಾದ ಮೇಲಿನ ಕೈಯ ಚಿತ್ರ! ಇಬ್ಬರು ಜಾಣೆಯರು ಸೇರಿದರೆ ಒಂದು ತಪ್ಪು ಎಷ್ಟು ಭದ್ರವಾಗಿ ಕೂರುತ್ತದೆ ನೋಡಿ.

ನಡುವೆ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಟೇಪಮ್ಮ ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದಳು. ಬಟ್ಟೆ ಕತ್ತರಿಸಲಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡಿತು. ಅದು ಬಲಗೈಗೆಂದೇ ಮಾಡಿದ ಕತ್ತರಿ. ಎಡಗೈ ಒತ್ತಿದರೆ ಅಲಗುಗಳು ಕೂಡುವ ಬದಲು ಒಂದರಿಂದೊಂದು ದೂರ ಸರಿಯುತ್ತವೆ. ಜಗಿದು ಉಗುಳಿದಂತಾಗಿದ್ದ ಆ ಚೂರನ್ನು ಬೀಗದ ತೂತಿನೊಳಗೆ ತುರುಕಿ ಬಚ್ಚಿಟ್ಟಳು. ಅತ್ತೆಗೆ ಕಣ್ಣು ಕಾಣುವುದಿಲ್ಲ ನಿಜ, ಮೇಲಿನ ಅಂತಸ್ತಿನಲ್ಲಿದ್ದರೂ ಕತ್ತರಿಯ ಸದ್ದು ತಿಳಿಯದೇ? ಅಂದು ಸಂಜೆಯೇ ಅವಳು ಮಾತು ತೆಗೆದಳು.

"ಶಾಲೆ ಬಟ್ಟೆ ಶುರುವಾಗೋಕೆ ಇನ್ನು ಮೂರು ತಿಂಗಳಿದೆ. ಅಷ್ಟರಲ್ಲಿ ನಿನ್ನ ಕೈ ಬಂದ್ರೆ ಸರಿ. ಬರದೇ ಇದ್ರೆ ಬಟ್ಟೆ ಕತ್ತರಿಸೋ ಒಬ್ಬ ಕಟ್ಟರನ್ನ ಕರೆಸಬೇಕು. ಕರೆಸಿದ್ರೆ ಈ ಕತ್ತರಿ ಅವನ ಕೈಗೇ ಹೋಗಬೇಕು. ಒಂದು ಮೇಜಿಗೆ ಎರಡು ಕತ್ತರಿ ನಾನು ಇಟ್ಟವಳಲ್ಲ."

ಹಾಗೆಂದು ಕತ್ತರಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟಳು. ಗೋಡೆಯ ಮೇಲೆ ಅದು ನೇತಾಡುತ್ತಿದ್ದ ಮೊಳೆ ಬರಿದಾಯಿತು. ಬೇರೆಯವನ ಹೆಬ್ಬೆರಳು ಆ ಹಿಡಿಯೊಳಗೆ ಹೋಗುವುದನ್ನು ನೆನೆದಾಗೆಲ್ಲ ಟೇಪಮ್ಮ ಆ ಮೊಳೆಗೆ ಬೆನ್ನು ಮಾಡಿ ಕೂರುತ್ತಿದ್ದಳು.

ಐದು ವಾರ ಕಳೆದು ಕೇಂದ್ರಕ್ಕೆ ಹೋದಾಗ ಅತ್ತೆಯೂ ಜೊತೆಗೆ ಬಂದಳು. ಥೆರಪಿಸ್ಟ್ ಹುಡುಗಿ ಪಟ್ಟಿ ಬಿಚ್ಚಿ ಸ್ಪಂಜಿನ ಚೆಂಡು ಕೊಟ್ಟು, "ಒತ್ತಿ ನೋಡೋಣ," ಎಂದಳು. ಬೆರಳುಗಳು ನೆಟ್ಟಗಿದ್ದವು, ಅಷ್ಟೇ. ಚೆಂಡಿನ ಮೇಲೆ ಹೆಬ್ಬೆರಳು ಒಮ್ಮೆ ನಡುಗಿ ಸುಮ್ಮನಾಯಿತು.

"ಕೈಗೆ ಬಿಡುವು ಕೊಟ್ರಾ ಅಮ್ಮ?"

"ಅಯ್ಯೋ, ಕೊಟ್ಟೆ ಮಗಳೇ! ನೀನು ದಿನಕ್ಕೆ ನಾಲ್ಕು ಸಲ ಅಂದೆ. ನಾನು ಇಡೀ ದಿನ ಕೊಟ್ಟೆ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಸಪ್ಪಗಾಯಿತು. ಅತ್ತೆ ಅವಳ ಕಡೆಗೆ ತಿರುಗಿ, "ಯಾಕಮ್ಮ? ಬಿಡುವು ಅಂದ್ರೆ ಸುಮ್ಮನಿರೋದು ಅಲ್ವಾ?" ಎಂದು ಕೇಳಿದಳು.

"ಸ್ಪ್ಲಿಂಟಿಂದ ಬಿಡುವು ಅಜ್ಜಿ. ಕೆಲಸದಿಂದ ಅಲ್ಲ. ಅದನ್ನ ಬಿಚ್ಚಿ ಕೈ ಆಡಿಸಬೇಕಿತ್ತು." ಹುಡುಗಿ ತಲೆ ತಗ್ಗಿಸಿದಳು. "ತಪ್ಪು ನಂದು. ಬಿಡಿಸಿ ಹೇಳಬೇಕಾಗಿತ್ತು."

ಆ ಹುಡುಗಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಮಾತಿಗೆ. ತಪ್ಪನ್ನು ಪೇಷೆಂಟಿನ ತಲೆಗೆ ಕಟ್ಟುವುದು ಎಷ್ಟು ಸುಲಭವಿತ್ತು!

ಪಕ್ಕದ ಕೋಣೆಯಲ್ಲಿ ಒಬ್ಬ ಡಾಕ್ಟರು ಇದ್ದರು. ಕೈಗೆ ಸ್ಪ್ಲಿಂಟ್ ಹಾಕಿದಾಗ ಮೆದುಳಿನೊಳಗೆ ಏನಾಗುತ್ತದೆ ಎಂದು ಹುಡುಕುವುದು ಅವರ ಕೆಲಸ. ಹುಡುಗಿ ಟೇಪಮ್ಮನನ್ನು ಅವರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ಸಣ್ಣ ಸಣ್ಣ ದೀಪಗಳನ್ನು ಚುಚ್ಚಿದ ಕಪ್ಪು ಟೋಪಿಯೊಂದನ್ನು ಕೈಗೆತ್ತಿಕೊಂಡು, "ಹೆದರಬೇಡಿ, ಸೂಜಿ ಗೀಜಿ ಏನಿಲ್ಲ. ಬರೀ ಟೋಪಿ ಹಾಕ್ತೀನಿ," ಎಂದರು.

"ಟೋಪಿ ಹಾಕೋರನ್ನ ಬೇಕಾದಷ್ಟು ಜನ ನೋಡಿದೀನಿ. ಮುಂಚೆನೇ ಹೇಳಿ ಹಾಕೋರು ನೀವೇ ಮೊದಲು," ಎಂದಳು ಅತ್ತೆ.

ಮೆದುಳಿನ ಯಾವ ಜಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಟೋಪಿಯ ಬೆಳಕು ಅದನ್ನು ಹಿಡಿಯುತ್ತದೆ, ಪರದೆಯ ಮೇಲೆ ಬಣ್ಣವಾಗಿ ಕಾಣುತ್ತದೆ ಎಂದು ಡಾಕ್ಟರು ವಿವರಿಸಿದರು. ನೀಲಿ ಇದ್ದರೆ ಸುಮ್ಮನಿದೆ, ಹಳದಿ ಬಂದರೆ ಕೆಲಸ ನಡೆಯುತ್ತಿದೆ, ಕೆಂಪಾದರೆ ಭರಾಟೆ. ಮೊದಲು ಬರಿಗೈಯಲ್ಲಿ ಚೆಂಡು ಒತ್ತಲು ಹೇಳಿದರು. ಕೈ ಹೆಚ್ಚೇನೂ ಆಡಲಿಲ್ಲ, ಆದರೂ ಪರದೆಯ ಎಡಬದಿಯಲ್ಲಿ ಗುಂಡಿಯಷ್ಟು ಹಳದಿ ಮೂಡಿತು. ಆಮೇಲೆ ಚಿಪ್ಪು ಹಾಕಿ ಅದನ್ನೇ ಮಾಡಲು ಹೇಳಿದರು. ಟೇಪಮ್ಮ ಹಲ್ಲು ಕಚ್ಚಿ ಪ್ರಯತ್ನಿಸಿದಳು. ಹಳದಿ ಮಸುಕಾಗುತ್ತ ಹೋಗಿ, ಎಲ್ಲ ನೀಲಿಯಾಯಿತು.

"ಕರೆಂಟ್ ಹೋಯ್ತಾ ಡಾಕ್ಟ್ರೇ?" ಟೇಪಮ್ಮ ಪರದೆಯ ಕಡೆಗೆ ಬಗ್ಗಿದಳು.

"ಹೋಗಿಲ್ಲ. ಹೊಲಿಯೋರನ್ನ ಕೂರಿಸಿ ಬಟ್ಟೆ ಕೊಡದೇ ಇದ್ರೆ ಏನು ಮಾಡ್ತಾರೆ?"

"ಹರಟೆ ಹೊಡೀತಾರೆ. ಇಲ್ಲಾಂದ್ರೆ ಬೇರೆ ಕೆಲಸಕ್ಕೆ ಹೋಗ್ತಾರೆ."

"ಇದೂ ಹಾಗೇ. ಬೆರಳೇ ಆಡಲ್ಲ, ಏನೂ ಮುಟ್ಟಲ್ಲ ಅಂದ ಮೇಲೆ ಮೆದುಳು ತಾನೇ ಯಾರಿಗೆ ಕೆಲಸ ಹೇಳುತ್ತೆ? ಆದ್ರೆ ಒಂದು ಮಾತು. ಇದು ನಿಮ್ಮೊಬ್ಬರ ಚಿತ್ರ, ಇದನ್ನ ನೋಡಿ ಊರಿಗೆಲ್ಲ ಹೇಳೋಕಾಗಲ್ಲ. ಈ ಸ್ಪ್ಲಿಂಟ್ ಕೆಟ್ಟದ್ದೂ ಅಲ್ಲ. ಬೆರಳು ಮುರುಟಿಕೊಳ್ಳದ ಹಾಗೆ ಉಳಿಸಿದ್ದು ಅದೇ. ರಾತ್ರಿಗೆ ಅದೇ ಇರಲಿ. ಹಗಲಿಗೆ ಬೇರೆ ಬೇಕು."

ಹೊರಗೆ ಬೆಂಚಿನ ಮೇಲೆ ಕೂತಾಗ ಟೇಪಮ್ಮನ ಕಣ್ಣಲ್ಲಿ ನೀರು ತಡೆಯಲಿಲ್ಲ. ಐದು ವಾರ! ಮೂರು ತಿಂಗಳಲ್ಲಿ ಇನ್ನು ಎರಡೇ ಉಳಿದಿವೆ. ತನ್ನ ಕೈಯಾರೆ ತನ್ನ ಕೈಯನ್ನೇ ಕೊಂದೆನಲ್ಲ ಎಂದು ಬಿಕ್ಕಿದಳು. ಅತ್ತೆ ಅವಳ ಬೆನ್ನು ಸವರಲಿಲ್ಲ, ಅದು ಅವಳ ಜಾಯಮಾನವಲ್ಲ.

"ತಪ್ಪು ಕತ್ತರಿಸಿದ ಬಟ್ಟೆ ಮುಂದೆ ಕೂತು ಅತ್ರೆ ಅದು ಕೂಡಿಕೊಳ್ಳುತ್ತಾ? ಉಳಿದಿರೋದ್ರಲ್ಲಿ ಏನು ಬರುತ್ತೆ ನೋಡು. ದೊಡ್ಡ ಅಂಗಿ ಬರಲಿಲ್ವಾ, ಚಿಕ್ಕದು ಬರುತ್ತೆ. ಏಳು."

ಟೇಪಮ್ಮ ಮೂಗು ಒರೆಸಿಕೊಂಡು ಎದ್ದಳು.

ಹಗಲಿನ ಸ್ಪ್ಲಿಂಟಿಗೆ ಹುಡುಗಿ ಹೊಸ ಪ್ಯಾಟರ್ನ್ ಬರೆದಳು. ಇದು ಮಣಿಕಟ್ಟನ್ನೂ ಹೆಬ್ಬೆರಳ ಬುಡವನ್ನೂ ಮಾತ್ರ ಎತ್ತಿ ಹಿಡಿಯುವಂಥದ್ದು, ಬೆರಳುಗಳೆಲ್ಲ ಬಯಲಿಗೆ. ಕಾಗದವನ್ನು ಕೈಗಿಟ್ಟು ನೋಡಿದಾಗ ಟೇಪಮ್ಮನ ಹುಬ್ಬು ಗಂಟಾಯಿತು. ಅಳುವಾಗಲೂ ಕೊರಳಲ್ಲೇ ಇದ್ದ ಟೇಪನ್ನು ಎಳೆದು, ಎಡಗೈಯಲ್ಲೇ ಹೆಬ್ಬೆರಳ ಬುಡ ಅಳೆದಳು.

"ಕಂಕುಳು ಬಿಗಿಯಾಯ್ತು ಮಗಳೇ."

"ಕಂಕುಳಾ?"

"ಅಂಗಿ ಕಂಕುಳು ಬಿಗಿಯಾದ್ರೆ ಮಗು ಕೈ ಮೇಲೆತ್ತೋಕೆ ಆಗಲ್ಲ. ಹೆಬ್ಬೆರಳಿಗೂ ಒಂದು ಕಂಕುಳಿದೆ, ಇಲ್ಲಿ. ಇಲ್ಲಿ ಕಾಲಂಗುಲ ಇಳಿಸು. ಆ ತುದಿ ಪೂರ್ತಿ ಹೊರಗೆ ಬರಲಿ."

ಪೆನ್ಸಿಲ್ ಇಸಿದುಕೊಂಡು ಸೊಟ್ಟಸೊಟ್ಟ ಗೆರೆ ಹಾಕಿ ತೋರಿಸಿದಳು. ಹುಡುಗಿ ಮರುಮಾತಾಡದೆ ಆ ಗೆರೆಯ ಮೇಲೆಯೇ ಕತ್ತರಿಸಿದಳು, ಕತ್ತರಿಯ ಬಾಯಿ ಪೂರ್ತಿ ಮುಚ್ಚದೆ. ಪ್ಲಾಸ್ಟಿಕ್ ಗಟ್ಟಿಯಾದ ಮೇಲೆ ಹೆಬ್ಬೆರಳು ನಿಧಾನವಾಗಿ ಬಾಗಿ ಬಂದು ತೋರುಬೆರಳಿನ ತುದಿಯನ್ನು ಮುಟ್ಟಿತು. ಎಂಟು ವಾರದ ಮೇಲೆ ಆ ಎರಡು ಬೆರಳುಗಳ ಭೇಟಿ. ಟೇಪಮ್ಮ ಅದನ್ನು ಮೂರು ಸಲ ಮಾಡಿ ನೋಡಿದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಅತ್ತೆಯದೇ ಪಾರುಪತ್ಯ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಅತ್ತೆಗೆ ಎರಡನೆಯ ಸಲ ಕಾಲ ಬಂತು. ಬೆಳಿಗ್ಗೆ ಒಂದು ಡಬ್ಬಿಯ ಗುಂಡಿಗಳನ್ನು ಇನ್ನೊಂದು ಡಬ್ಬಿಗೆ ಹಾಕುವುದು, ಒಂದೊಂದಾಗಿ, ಬಲಗೈಯಲ್ಲಿ. ಮಧ್ಯಾಹ್ನ ದಿಂಬಿಗೆ ಗುಂಡುಸೂಜಿ ಚುಚ್ಚುವುದು, ಕೀಳುವುದು. ಸಂಜೆ ಚೀಲದೊಳಗೆ ಕೈಯಿಟ್ಟು, ನೋಡದೆ, ಬಟ್ಟೆಯ ಚೂರುಗಳನ್ನು ಬೆರಳಲ್ಲಿ ಹೊಸಕಿ ಇದು ಹತ್ತಿ, ಇದು ಉಣ್ಣೆ, ಇದು ನೈಲಾನು ಎಂದು ಹೇಳುವುದು. ಹುಡುಗಿ ಕೊಟ್ಟಿದ್ದ ಹಾಳೆಯ ನಾಲ್ಕು ವ್ಯಾಯಾಮಗಳು ಇದರ ಮೇಲೆ. ಮೊದಲ ವಾರ ಡಬ್ಬಿಗಿಂತ ನೆಲಕ್ಕೆ ಬಿದ್ದ ಗುಂಡಿಗಳೇ ಹೆಚ್ಚು, ಬೀಗದ ತೂತಂತೂ ಹೊಟ್ಟೆಬಿರಿಯ ನುಂಗಿತು. ಒಂದು ದಿನ ಟೇಪಮ್ಮ ಡಬ್ಬಿಯನ್ನೇ ಗೋಡೆಗೆ ಎಸೆದಳು. ಎಡಗೈಯಿಂದ.

ಅತ್ತೆ ಸದ್ದು ಕೇಳಿ, "ಎಸೀಬೇಕು ಅಂದ್ರೆ ಬಲಗೈಯಲ್ಲಿ ಎಸಿ. ಅದೂ ವ್ಯಾಯಾಮವೇ," ಎಂದಳು.

ಟೇಪಮ್ಮನಿಗೆ ಅಳು ನಗು ಒಟ್ಟಿಗೆ ಬಂದವು. ಕಾಜದ ಹೆಂಗಸೂ ಅವಳೂ ಮೊಣಕಾಲೂರಿ ಗುಂಡಿ ಹೆಕ್ಕಿದರು. ಹೆಕ್ಕಿದ್ದು ಬಲಗೈಯಲ್ಲೇ. ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಆರು ವಾರದ ಮೇಲೆ ಮತ್ತೆ ಟೋಪಿ. ಡಾಕ್ಟರು ಹಿಂದಿನಂತೆಯೇ ಚೆಂಡು ಕೊಟ್ಟರು. ಹಳದಿ ಬಂತು, ಮೊದಲಿಗಿಂತ ಅಗಲವಾಗಿಯೇ ಬಂತು. ಟೇಪಮ್ಮನಿಗೆ ತೃಪ್ತಿಯಾಗಲಿಲ್ಲ. "ಚೆಂಡು ಹಿಡಿದು ನಾನೇನು ಆಟ ಆಡಬೇಕಾ ಡಾಕ್ಟ್ರೇ? ಬಟ್ಟೆ ಕೊಡಿ," ಎಂದು ತನ್ನ ಚೀಲದಿಂದ ಒಂದು ಚೂರು ತೆಗೆಸಿದಳು. ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಎಳೆದು ನೋಡಿ, "ಇದು ಓರೆಗೆ ಕತ್ತರಿಸಿದ್ದು. ಈ ಕಡೆ ಎಳೆದ್ರೆ ಹಿಗ್ಗುತ್ತೆ, ಆ ಕಡೆ ಹಿಗ್ಗಲ್ಲ," ಎಂದಳು. ಪರದೆಯ ಕಡೆ ನೋಡುತ್ತಿದ್ದ ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. ಹಳದಿಯ ನಡುವೆ ಕೆಂಪು ಅರಳಿತ್ತು.

"ಇನ್ನೊಂದು ಸಲ ಎಳೀರಿ," ಎಂದರು.

ಎಳೆದಳು. ಮತ್ತೆ ಕೆಂಪು. "ಯಾಕೆ ಹೀಗೆ?" ಎಂದು ಹುಡುಗಿ ಕೇಳಿದಳು. "ಇನ್ನೂ ಹತ್ತು ಜನರನ್ನ ನೋಡದೆ ಹೇಳಿದ್ರೆ ನಾನು ನಿಜವಾಗ್ಲೂ ಟೋಪಿ ಹಾಕಿದ ಹಾಗಾಗುತ್ತೆ," ಎಂದು ಡಾಕ್ಟರು ನಕ್ಕರು. ಅವರ ಕಣ್ಣು ಮಾತ್ರ ಪರದೆ ಬಿಟ್ಟು ಕದಲಲಿಲ್ಲ.

ಶಾಲೆಯ ಬಟ್ಟೆಯ ಥಾನುಗಳು ಬಂದಿಳಿದವು. ಕಟ್ಟರ್ ಒಬ್ಬನನ್ನು ಅತ್ತೆ ಗೊತ್ತು ಮಾಡಿಯಾಗಿತ್ತು, ಸೋಮವಾರ ಬರುವವನಿದ್ದ. ಶನಿವಾರ ಬೆಳಿಗ್ಗೆ ಟೇಪಮ್ಮ ಅತ್ತೆಯ ಮುಂದೆ ಬಂದು ನಿಂತಳು.

"ಕತ್ತರಿ ಕೊಡಿ ಅತ್ತೆ."

ಅತ್ತೆ ಟ್ರಂಕಿನಿಂದ ಎಣ್ಣೆಬಟ್ಟೆಯ ಗಂಟನ್ನು ತಂದು ಮೇಜಿನ ಮೇಲಿಟ್ಟಳು. ಮಷೀನುಗಳು ನಿಂತವು. ಟೇಪಮ್ಮ ಒಂದೇ ಪದರ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಹೆಬ್ಬೆರಳನ್ನು ಹಿಡಿಯೊಳಗೆ ತೂರಿಸಿದಳು. ಸ್ಪ್ಲಿಂಟಿನಲ್ಲಿ ಕಾಲಂಗುಲ ಇಳಿಸಿದ್ದ ಕಂಕುಳಿನಿಂದ ತುದಿ ಹೊರಗಿತ್ತು, ಸಲೀಸಾಗಿ ಹೋಯಿತು. ಕತ್ತರಿಯ ಭಾರಕ್ಕೆ ಮಣಿಕಟ್ಟು ಬಾಗಲು ನೋಡಿತು, ಸ್ಪ್ಲಿಂಟ್ ಬಿಡಲಿಲ್ಲ. ಬಾಯಿ ತೆರೆಯಿತು, ಮುಚ್ಚಿತು. ಕರಕ್ ಎಂದು ಬಟ್ಟೆ ಬಿಟ್ಟುಕೊಂಡಿತು. ಮತ್ತೊಮ್ಮೆ ತೆರೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ ಕಾಜದ ಹೆಂಗಸು ಸೆರಗನ್ನೇ ಬಾಯಿಗೆ ಒತ್ತಿಕೊಂಡಳು. ಅಲಗು ಗೆರೆಯ ಆಚೆ ಹೋಯಿತು, ಈಚೆ ಬಂತು. ಒಂದು ಮೊಳ ಬಟ್ಟೆಗೆ ಕಾಲು ಗಂಟೆ. ಹಿಂದೆ ಅಷ್ಟು ಹೊತ್ತಿನಲ್ಲಿ ಅವಳು ಅರ್ಧ ತರಗತಿಗೆ ಅಂಗಿ ಕತ್ತರಿಸುತ್ತಿದ್ದಳು. ಕೊನೆಗೆ ತುಂಡು ಬೇರೆಯಾಗಿ ಬಿತ್ತು.

ಅತ್ತೆ ಕೈ ಚಾಚಿದಳು. ತುಂಡನ್ನು ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು, ಈ ತುದಿಯಿಂದ ಆ ತುದಿಗೆ, ಎಲ್ಲೂ ಬಿಡದೆ. ಅಂಚು ಏರಿತ್ತು, ಇಳಿದಿತ್ತು, ಎರಡು ಕಡೆ ಹಲ್ಲು ಬಿದ್ದಿತ್ತು. ಟೇಪಮ್ಮ "ಪರವಾಗಿಲ್ಲ" ಎಂಬ ಮಾತಿಗಾಗಿ ಕಾಯಲಿಲ್ಲ. ಅಷ್ಟರ ಯೋಗ್ಯತೆ ಈ ತುಂಡಿಗಿಲ್ಲವೆಂದು ಅವಳಿಗೇ ಗೊತ್ತಿತ್ತು.

"ನೀನು ಈ ಮನೆಗೆ ಬಂದು ಮೊದಲನೇ ದಿನ ಕತ್ತರಿಸಿದ್ದು ಇದಕ್ಕಿಂತ ಕಡೆಯಾಗಿತ್ತು," ಎಂದಳು ಅತ್ತೆ. "ಆಗ ನಿನ್ನ ಕೈ ಎರಡೂ ಚೆನ್ನಾಗಿದ್ವು."

ಅತ್ತೆ ಮೇಜು ತಡಕಿ ಕತ್ತರಿಯನ್ನು ಎತ್ತಿಕೊಂಡಳು. ಎಣ್ಣೆಬಟ್ಟೆಯನ್ನು ಅಲ್ಲೇ ಬಿಟ್ಟು, ಗೋಡೆಯವರೆಗೆ ನಡೆದು, ಬೆರಳಿನಿಂದ ಹುಡುಕಿ, ಹಳೆಯ ಮೊಳೆಗೆ ಅದನ್ನು ನೇತುಹಾಕಿದಳು.

"ಸೋಮವಾರ ಬರೋನಿಗೆ ಫೋನ್ ಮಾಡು. ಈ ವರ್ಷಕ್ಕೆ ಬರಲಿ, ಕೆಲಸ ಇದೆ. ಆದ್ರೆ ಅವನ ಕತ್ತರಿ ಅವನೇ ತರಬೇಕು ಅಂತ ಹೇಳು."